ಎಡ ಬಲ ಗೊತ್ತಿಲ್ಲದ ಮಗುವಿಗೆ ಮರದ ಭೂಪಟ ಯಾಕೆ?

ನಮ್ಮ ಶಾಲೆಯಲ್ಲಿ ಪುಟ್ಟ ಮಕ್ಕಳ ಕೈಗೆ ಮರದ ಭೂಪಟ ಕೊಡುತ್ತೇವೆ: ಖಂಡಕ್ಕೊಂದು ಹಲಗೆ, ದೇಶಕ್ಕೊಂದು ತುಂಡು, ಒಂದೊಂದನ್ನೂ ಅದರದರ ಗುಳಿಯಲ್ಲಿ ಕೂರಿಸಬೇಕು. ಮಗುವನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಬಾಗಿಲಲ್ಲೇ ನಿಂತು ಕೇಳುತ್ತಾರೆ: "ಇವನಿಗಿನ್ನೂ ಎಡ ಬಲ ಗೊತ್ತಿಲ್ಲ ಮಿಸ್. ಕೈಗೆ ದಕ್ಷಿಣ ಅಮೆರಿಕ ಕೊಟ್ಟರೆ ಏನು ಅರ್ಥವಾಗುತ್ತೆ?" ಒಂದು ತಿಂಗಳು ಕಳೆಯಲಿ, ಅದೇ ಬಾಗಿಲಲ್ಲಿ ನಿಂತು ಅವರೇ ಕೇಳುವುದು: "ಎಷ್ಟು ದೇಶದ ಹೆಸರು ಹೇಳ್ತಾನೆ?"

ಮೊದಲನೆಯದಕ್ಕೆ ನನ್ನ ಉತ್ತರ: ಏನೂ ಅರ್ಥವಾಗುವುದಿಲ್ಲ, ಸದ್ಯಕ್ಕೆ ಆಗಬೇಕಾಗಿಯೂ ಇಲ್ಲ. ಎರಡನೆಯದಕ್ಕೆ: ಒಂದನ್ನೂ ಹೇಳಿಕೊಟ್ಟಿಲ್ಲ. ಈ ಎರಡನೆಯ ಉತ್ತರ ಕೇಳಿದಾಗ ಕೆಲವರ ಮುಖ ಸಣ್ಣಗಾಗುತ್ತದೆ, ಗೊತ್ತು.

ದೇಶ ಅನ್ನುವುದು ದೊಡ್ಡವರು ಮಾಡಿಕೊಂಡ ಏರ್ಪಾಡು. ಗಡಿ, ಸರ್ಕಾರ, ರಾಜಧಾನಿ, ಇದ್ಯಾವುದೂ ಮೂರೂವರೆ ವರ್ಷಕ್ಕೆ ದಕ್ಕುವಂಥದ್ದಲ್ಲ. ಆದರೆ ಉದ್ದಕ್ಕೆ, ಸಪೂರಕ್ಕೆ ಇರುವ ಒಂದು ಮರದ ತುಂಡು ದಕ್ಕುತ್ತದೆ. ಒಬ್ಬಳು ಪುಟ್ಟಿ ಚಿಲಿಯನ್ನು ಹಿಡಿದು ಕೂತಿದ್ದಳು. ಮೊದಲು ಚೌಕಟ್ಟಿನ ಬಲಗಡೆ ತುರುಕಿ ನೋಡಿದಳು. ಆಗಲಿಲ್ಲ. ತಲೆಕೆಳಗು ಮಾಡಿದಳು, ಆಗಲೂ ಇಲ್ಲ. ನನ್ನ ಕಡೆ ನೋಡಿದಳು, ನಾನು ಬೇಕೆಂದೇ ಕಿಟಕಿ ನೋಡಿದೆ. ಆಮೇಲೆ ತುಂಡಿನ ಅಂಚಿನ ಮೇಲೆ ತೋರುಬೆರಳು ಆಡಿಸುತ್ತಾ ಬಂದಳು, ಕೆಳತುದಿಯ ಚೂರುಚೂರಾದ ಕಡೆ ಬೆರಳು ನಿಧಾನವಾಯಿತು. ಅದೇ ಬೆರಳನ್ನು ಖಾಲಿ ಗುಳಿಯ ಅಂಚಿನಲ್ಲೂ ಆಡಿಸಿದಳು. ಟಕ್ ಅಂತ ಕೂತಿತು. ಪಶ್ಚಿಮ ಅನ್ನುವ ಮಾತೇ ಆಕೆಗೆ ಗೊತ್ತಿಲ್ಲ, ಆದರೆ ಚಿಲಿ ಯಾವ ಪಕ್ಕದಲ್ಲಿದೆ ಅನ್ನುವುದು ಇನ್ನು ಮರೆಯುವುದಿಲ್ಲ. ಆ ದೇಶ ಸುಮಾರು 4,300 ಕಿಲೋಮೀಟರ್ ಉದ್ದ ಇದೆ ಅನ್ನುವುದನ್ನು ಇನ್ನೈದು ವರ್ಷ ಬಿಟ್ಟು ಓದಿಕೊಳ್ಳಲಿ.

ಅದೇ ಖಂಡದಲ್ಲಿ ಬ್ರೆಜಿಲನ್ನು ಎತ್ತಲು ಎರಡು ಕೈ ಬೇಕು, ಉರುಗ್ವೆಗೆ ಎರಡು ಬೆರಳು ಸಾಕು. ಒಂದು 85 ಲಕ್ಷ ಚದರ ಕಿಲೋಮೀಟರ್, ಇನ್ನೊಂದು ಎರಡು ಲಕ್ಷವೂ ಇಲ್ಲ. ಈ ಅಂಕಿಗಳು ಮಾಡುವ ಕೆಲಸವನ್ನು ಅಂಗೈ ಮಾಡಿಬಿಡುತ್ತದೆ. ಐದು ವರ್ಷದವನೊಬ್ಬ ಬ್ರೆಜಿಲ್ ತೆಗೆದು ನೋಡಿ, "ಇದು ಎಲ್ಲರಿಗೂ ಅಂಟಿಕೊಂಡಿದೆ" ಅಂದ. ಎಲ್ಲರಿಗೂನಾ, ಸರಿಯಾಗಿ ನೋಡು ಅಂದೆ. ಒಂದೊಂದೇ ತುಂಡನ್ನು ತಾಗಿಸಿ ನೋಡುತ್ತಾ ಹೋದ. ತಾಗದೆ ಉಳಿದದ್ದು ಎರಡೇ, ಚಿಲಿ ಮತ್ತು ಈಕ್ವೆಡಾರ್. ಭೂಗೋಳ ಓದಿದ ದೊಡ್ಡವರನ್ನು ಕೇಳಿ ನೋಡಿ, ಎಷ್ಟು ಜನ ಹೇಳುತ್ತಾರೆ.

ಇದೇನೂ ಹೊಸ ಹುಚ್ಚಲ್ಲ. 1760ರ ದಶಕದಲ್ಲೇ ಲಂಡನ್ನಿನಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಭೂಪಟವನ್ನು ಮಹಾಗನಿ ಹಲಗೆಗೆ ಅಂಟಿಸಿ, ಗಡಿಗಳ ಗುಂಟ ಕೊಯ್ದು, ಮಕ್ಕಳ ಪಾಠಕ್ಕೆಂದು ಮಾರುತ್ತಿದ್ದ. ಈಗ ನಾವು ಬಳಸುವ ಹಿಡಿಯಿರುವ ತುಂಡುಗಳು, ಖಂಡಕ್ಕೊಂದು ಬಣ್ಣ, ಇವೆಲ್ಲ ಮಕ್ಕಳು ಮುಟ್ಟಿ, ಆಡಿಸಿ ತಾವೇ ಕಲಿಯುವ ಮಾಂಟೆಸೊರಿ ಪದ್ಧತಿಯವು.

ಆದರೆ ಅಂಗಡಿಯಿಂದ ಭೂಪಟ ತಂದು ನೇರ ಮಗುವಿನ ಮುಂದೆ ಇಟ್ಟುಬಿಡಬೇಡಿ. ಗ್ಲೋಬು ಮೊದಲು. ನೆಲವೆಲ್ಲ ಉಪ್ಪುಕಾಗದದ ಹಾಗೆ ಒರಟು, ನೀರೆಲ್ಲ ನುಣುಪು ಇರುವ ಗ್ಲೋಬು ಸಿಗುತ್ತದೆ. ಕಣ್ಣು ಮುಚ್ಚಿಕೊಂಡು ಸವರಿದರೂ ಭೂಮಿಯ ಮೇಲೆ ನೀರೇ ಹೆಚ್ಚು ಅಂತ ಕೈಗೆ ಗೊತ್ತಾಗುತ್ತದೆ. ಅದಾದ ಮೇಲೆ ಬಣ್ಣದ ಗ್ಲೋಬು, ಆಮೇಲೆ ಎರಡು ದುಂಡು ಗೋಳಾರ್ಧಗಳ ಹಲಗೆ, ಖಂಡಗಳು ಕೊನೆಗೆ. ಗುಂಡಗಿರುವುದು ಚಪ್ಪಟೆಯಾಗುವ ಈ ಹಂತವನ್ನು ಹಾರಿಸಿದರೆ ಮುಂದೆ ಬಹಳ ತೊಂದರೆ. ನಾನು ಜೇಡಿಮಣ್ಣಿನ ಉಂಡೆ ಮಾಡಿ, ದಾರದಿಂದ ಎರಡು ಹೋಳು ಮಾಡಿ, ಮಕ್ಕಳ ಕೈಯಲ್ಲೇ ತಟ್ಟಿಸುತ್ತೇನೆ. ಅಂಚು ಸೀಳುತ್ತದೆ. ಸೀಳಲಿ. ಗುಂಡಗಿರುವುದನ್ನು ಸೀಳದೆ ಇಲ್ಲವೇ ಎಳೆದು ಹಿಗ್ಗಿಸದೆ ಚಪ್ಪಟೆ ಮಾಡಲಾಗದು. ಗೋಡೆಗೆ ಹಾಕುವ ಹಲವು ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ, ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಮುಂದೊಂದು ದಿನ ಇದು ಗೊತ್ತಾದಾಗ ಆ ಸೀಳು ನೆನಪಾದರೆ ಸಾಕು.

ಮರದ ಭೂಪಟಕ್ಕೂ ತಕರಾರುಗಳಿವೆ, ಮುಚ್ಚಿಡುವುದಿಲ್ಲ. ಆಫ್ರಿಕಾ ಹಸಿರು ತುಂಡಾದ್ದರಿಂದ ಅಲ್ಲೆಲ್ಲ ಕಾಡೇ ಅಂದುಕೊಳ್ಳುತ್ತಾರೆ. ಸಹಾರಾ ಮರುಭೂಮಿಯ ಚಿತ್ರ ತೋರಿಸಿದರೆ "ಇದು ಆಫ್ರಿಕಾ ಅಲ್ಲ" ಎಂದು ಜಗಳಕ್ಕೇ ಬರುತ್ತಾರೆ. ಸಾವಿರಾರು ದ್ವೀಪಗಳ ಇಂಡೋನೇಷ್ಯಾ ಒಂದೇ ಹಿಡಿಯ ಒಂದೇ ತುಂಡು. ರಷ್ಯಾ ಎರಡು ಖಂಡದ ಹಲಗೆಯಲ್ಲೂ ಇರುತ್ತದೆ. ನಮ್ಮಲ್ಲಿದ್ದ ಹಳೆಯ ಆಫ್ರಿಕಾದಲ್ಲಿ ಸುಡಾನ್ ಒಂದೇ ತುಂಡಾಗಿತ್ತು, 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾಯಿತು. ದೊಡ್ಡ ಮಕ್ಕಳಿಗೆ ಹೇಳಿದರೆ, "ಹಾಗಾದ್ರೆ ಗರಗಸ ತನ್ನಿ" ಅಂದರು. ಗಡಿಯ ಬಗ್ಗೆ ನಾನು ಕೊಟ್ಟ ಯಾವ ವಿವರಣೆಯೂ ಇಷ್ಟು ಚೆನ್ನಾಗಿರಲಿಲ್ಲ.

ಮೊಬೈಲಿನಲ್ಲಿ ಇದೇ ಆಟ ಇದೆಯಲ್ಲ ಅನ್ನುವವರಿಗೆ: ಎಷ್ಟೋ ಆಟಗಳಲ್ಲಿ ತುಂಡು ಹತ್ತಿರ ಬಂದರೆ ಸಾಕು, ಅದೇ ಹೋಗಿ ಕೂರುತ್ತದೆ. ತಪ್ಪುವ ಸುಖವೇ ಇಲ್ಲ.

ಇನ್ನು ಹೆಸರು. ಕೈ ತಡವರಿಸದೆ ಇಡೀ ಖಂಡ ಜೋಡಿಸುವಂತಾದ ಮೇಲೆ, ಒಂದು ಸಲಕ್ಕೆ ಮೂರೇ ತುಂಡು. "ಇದು ಪೆರು" ಅಂತ ಹೇಳುವುದು ಮೊದಲು. "ಪೆರು ಕೊಡು, ಪೆರುವನ್ನು ಕಿಟಕಿ ಹತ್ತಿರ ಇಡು, ಪೆರುವನ್ನು ಬೆನ್ನ ಹಿಂದೆ ಬಚ್ಚಿಡು" ಎಂದು ಆಡಿಸುವುದು ಆಮೇಲೆ, ಬೇಸರ ಬರುವಷ್ಟು ಸಲ. "ಇದು ಯಾವುದು?" ಎಂಬ ಪ್ರಶ್ನೆ ಕಟ್ಟಕಡೆಗೆ, ಉತ್ತರ ಬಂದೇ ಬರುತ್ತದೆ ಅನ್ನಿಸಿದಾಗ ಮಾತ್ರ. ಮನೆಯಲ್ಲಿ ಬಹುತೇಕ ಎಲ್ಲರೂ ಈ ಮೂರನೆಯದರಿಂದಲೇ ಶುರು ಮಾಡುತ್ತಾರೆ, ಅದೂ ನೆಂಟರ ಮುಂದೆ.

ತುಂಡು ಕಳೆದರೆ ಏನು ಮಾಡುತ್ತೀರಿ ಅಂತಲೂ ಕೇಳುತ್ತಾರೆ. ಒಮ್ಮೆ ನಮ್ಮ ಉರುಗ್ವೆ ಮೂರು ವಾರ ಕಾಣೆಯಾಗಿತ್ತು. ಜೋಡಿಸಿದವರೆಲ್ಲ ಆ ಖಾಲಿ ಗುಳಿಗೆ ಬೆರಳಿಟ್ಟು, "ಇಲ್ಲಿಯದು ಎಲ್ಲಿ?" ಎಂದು ಕೇಳುವವರೇ. ಕೊನೆಗೆ ಸಿಕ್ಕಿದ್ದು ಕಟ್ಟಡದ ಆಟದ ಬುಟ್ಟಿಯ ತಳದಲ್ಲಿ. ಸಿಕ್ಕಿದವನಿಗೆ ಆಗ ನಾಲ್ಕೂ ತುಂಬಿರಲಿಲ್ಲ. ನನ್ನ ಹತ್ತಿರ ಬರಲಿಲ್ಲ, ಯಾರನ್ನೂ ಕೇಳಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ಭೂಪಟದ ಕಪಾಟಿಗೆ ಹೋಗಿ ಬ್ರೆಜಿಲ್ಲಿನ ಕೆಳಗೆ ಒತ್ತಿ ಕೂರಿಸಿ, ಮತ್ತೆ ಬುಟ್ಟಿಯ ಹತ್ತಿರ ಬಂದು ಗೋಪುರ ಕಟ್ಟುವುದನ್ನು ಮುಂದುವರಿಸಿದ.