ಮಲ್ಪೆ, ಕೋಡಿಬೆಂಗ್ರೆಯ ಕಡಲಕ್ಕಿಗಳು: ಗುರುತಿಸಲು ಹೊರಡುವವರಿಗೆ ಕೆಲವು ಮಾತುಗಳು

ಚಳಿಗಾಲದಲ್ಲಿ ಕಡಲಕ್ಕಿಗಳನ್ನು, ಎಂದರೆ ಇಂಗ್ಲಿಷಿನಲ್ಲಿ ಗಲ್ ಎನ್ನುವ ಹಕ್ಕಿಗಳನ್ನು ನೋಡಲೆಂದೇ ಉಡುಪಿಯ ಕಡೆಗೆ ಹೊರಡುವವರು ದೋಣಿ ಬಾಡಿಗೆಗೆ ಹಿಡಿಯುವ ಯೋಚನೆಯನ್ನು ಮೊದಲೇ ಕೈಬಿಡುವುದು ಒಳ್ಳೆಯದು. "ಹಕ್ಕಿಗಳ ಮಧ್ಯಕ್ಕೇ ಕರೆದುಕೊಂಡು ಹೋಗುತ್ತೇನೆ" ಎಂದು ನಮಗೆ ಮಾತು ಕೊಟ್ಟು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಒಪ್ಪಿಕೊಂಡಿದ್ದ ದೋಣಿಯವರು, ದಡಕ್ಕೆ ಮರಳಿದ ಮೇಲೆ ಅದು ತಲೆಗೊಂದರಂತೆ ಹೇಳಿದ ದರವೆಂದು ಪಟ್ಟುಹಿಡಿದರು. ಹಣಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಮರಳದಿಬ್ಬದ ಮೇಲೆ ನೆಮ್ಮದಿಯಾಗಿ ಕೂತಿದ್ದ ದೊಡ್ಡ ಹಿಂಡಿನತ್ತ ಅವರು ಎಂಜಿನ್ ಆರಿಸದೆ ನೇರವಾಗಿ ನುಗ್ಗಿದ್ದರಿಂದ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಬಿಸಿಲಿನ ದಿಕ್ಕಿಗೆ ಹಾರಿಹೋದವು. ಅಲೆಯ ಮೇಲೆ ಓಲಾಡುತ್ತ ತೆಗೆದ ಚಿತ್ರಗಳಲ್ಲಿ ಕಪ್ಪು ಆಕೃತಿಗಳ ಹೊರತು ಏನೂ ಉಳಿಯಲಿಲ್ಲ. ಸಾವಿರಾರು ಕಿಲೋಮೀಟರ್ ಹಾರಿಬಂದು ದಣಿವಾರಿಸಿಕೊಳ್ಳುತ್ತಿರುವ ಹಕ್ಕಿಗಳನ್ನು ಹೀಗೆ ಎಬ್ಬಿಸುವುದು ತಪ್ಪು. ಅದೇ ಹಿಂಡನ್ನು ಕೋಡಿಬೆಂಗ್ರೆಯ ತುದಿಯಲ್ಲಿ ನಿಂತು, ಒಂದು ರೂಪಾಯಿಯನ್ನೂ ಕೊಡದೆ, ಇಡೀ ಬೆಳಗ್ಗೆ ನೋಡಬಹುದು.

ಮಲ್ಪೆಯಿಂದ ಹೂಡೆಯ ಮೂಲಕ ಉತ್ತರಕ್ಕೆ ಸಾಗುವ ರಸ್ತೆ ಕೋಡಿಬೆಂಗ್ರೆಯಲ್ಲಿ ಮುಗಿಯುತ್ತದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಅದು. ನೀರಿಳಿತದ ಹೊತ್ತಿಗೆ ಮರಳದಿಬ್ಬಗಳು ತೆರೆದುಕೊಳ್ಳುತ್ತವೆ, ಕಡಲಕ್ಕಿಗಳೂ ರೀವಗಳೂ (ಟರ್ನ್ ಹಕ್ಕಿಗಳು) ಅಲ್ಲಿಗೆ ಬಂದು ಇಳಿಯುತ್ತವೆ. ಹೋಗುವ ಮುನ್ನ ಉಬ್ಬರವಿಳಿತದ ಪಟ್ಟಿಯನ್ನು ನೋಡಿ, ಇಳಿತವು ಬೆಳಗಿನ ಏಳರಿಂದ ಹತ್ತರೊಳಗೆ ಬರುವ ದಿನವನ್ನು ಆರಿಸಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಕಡಲು ಪಶ್ಚಿಮಕ್ಕಿರುವುದರಿಂದ ಬೆಳಗ್ಗೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಬಂದು ಹಕ್ಕಿಯ ಮೇಲೆ ಬೀಳುತ್ತದೆ. ಮಧ್ಯಾಹ್ನ ಕಳೆದರೆ ಅದೇ ಬೆಳಕು ಎದುರಾಗಿ, ಬೆನ್ನಿನ ಬೂದುಬಣ್ಣವನ್ನು ಅಂದಾಜು ಮಾಡುವುದು ಅಸಾಧ್ಯವಾಗುತ್ತದೆ. ಶನಿವಾರ, ಭಾನುವಾರ ಮಾತ್ರ ಖಂಡಿತ ಬೇಡ. ಜನಜಂಗುಳಿಯನ್ನು ನಾನು ಸಹಿಸಲಾರೆ, ಆ ದೃಷ್ಟಿಯಿಂದಲೇ ಈ ಮಾತನ್ನು ಓದಿಕೊಳ್ಳಿ. ಆದರೂ ಜಲಕ್ರೀಡೆಯ ಸ್ಕೂಟರುಗಳ ಸದ್ದಿನ ನಡುವೆ ಮಲ್ಪೆಯ ಕಿನಾರೆಯಲ್ಲಿ ಯಾವ ಹಕ್ಕಿಯೂ ನಿಲ್ಲುವುದಿಲ್ಲವೆಂಬುದು ಯಾರ ಕಣ್ಣಿಗಾದರೂ ಕಾಣುತ್ತದೆ.

ಸಣ್ಣ ಕಡಲಕ್ಕಿಗಳು ಹೆಚ್ಚು ತೊಂದರೆ ಕೊಡುವುದಿಲ್ಲ. ಕಂದುತಲೆಯ ಕಡಲಕ್ಕಿ ಮತ್ತು ಕಪ್ಪುತಲೆಯ ಕಡಲಕ್ಕಿ ಎರಡೂ ಚಳಿಗಾಲದಲ್ಲಿ ತಲೆಯ ಬಣ್ಣವನ್ನು ಕಳೆದುಕೊಂಡು, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆಯನ್ನಷ್ಟೇ ಉಳಿಸಿಕೊಂಡಿರುತ್ತವೆ. ಪುಸ್ತಕ ಓದಿಕೊಂಡು ಬಂದವರು ಕಣ್ಣಿನ ಪಾಪೆಯ ಸುತ್ತಲಿನ ಬಣ್ಣವನ್ನೇ ನೋಡಿ ನಿರ್ಧರಿಸಲು ಹೊರಡುತ್ತಾರೆ: ಮಾಸಲು ಬಿಳುಪಾದರೆ ಕಂದುತಲೆ, ಕಪ್ಪಾದರೆ ಕಪ್ಪುತಲೆ. ಇದು ಬೆಳೆದ ಹಕ್ಕಿಗಳಿಗೆ ಸರಿ. ಮೊದಲ ಚಳಿಗಾಲದ ಕಂದುತಲೆಯ ಮರಿಗೂ ಕಣ್ಣು ಕಪ್ಪೇ ಇರುತ್ತದೆ. ಹಾಗಾಗಿ ರೆಕ್ಕೆ ಬಿಚ್ಚುವವರೆಗೆ ಕಾಯಬೇಕು. ಕಪ್ಪುತಲೆಯ ಹಕ್ಕಿಯ ರೆಕ್ಕೆಯ ಮುಂಅಂಚಿನುದ್ದಕ್ಕೂ ಬಿಳಿಯ ಉದ್ದನೆಯ ಪಟ್ಟೆ ತುದಿಯವರೆಗೆ ಸಾಗುತ್ತದೆ. ಕಂದುತಲೆಯದರಲ್ಲಿ ರೆಕ್ಕೆಯ ತುದಿ ಅಗಲವಾಗಿ ಕಪ್ಪಾಗಿದ್ದು, ಬೆಳೆದ ಹಕ್ಕಿಗಳಲ್ಲಿ ಆ ಕಪ್ಪಿನೊಳಗೆ ಬಿಳಿಯ ಬೊಟ್ಟುಗಳು ಎದ್ದು ಕಾಣುತ್ತವೆ. ಇಷ್ಟು ಗೊತ್ತಿದ್ದರೆ ಹಿಂಡಿನಲ್ಲಿ ಉದ್ದ ಮೂತಿ, ಇಳಿಜಾರು ಹಣೆ, ನೀಳ ಕತ್ತಿನ ತೆಳುಕೊಕ್ಕಿನ ಕಡಲಕ್ಕಿ ನಿಂತಿದ್ದರೆ ಅದೂ ಬೇರೆಯಾಗಿಯೇ ಕಾಣುತ್ತದೆ.

ನಿಜವಾದ ಒಗಟು ದೊಡ್ಡ ಹಕ್ಕಿಗಳದು. ನಮ್ಮ ಕರಾವಳಿಗೆ ಬರುವ ದೊಡ್ಡ ಬಿಳಿತಲೆಯ ಕಡಲಕ್ಕಿಗಳಲ್ಲಿ ಮುಖ್ಯವಾದವು ಎರಡು: ರಷ್ಯಾದ ಉತ್ತರದ ತುಂಡ್ರಾದಲ್ಲಿ ಮರಿಮಾಡುವ ಹ್ಯೂಗ್ಲಿನ್ಸ್ ಗಲ್ ಮತ್ತು ಉತ್ತರ ಕಝಾಕಸ್ತಾನ, ನೈಋತ್ಯ ಸೈಬೀರಿಯಾದ ಸರೋವರಗಳಲ್ಲಿ ಮರಿಮಾಡುವ ಸ್ಟೆಪ್ಪೆ ಗಲ್. ಹಳೆಯ ಪುಸ್ತಕಗಳಲ್ಲಿ ಹ್ಯೂಗ್ಲಿನ್ಸ್ ಪ್ರತ್ಯೇಕ ಪ್ರಭೇದವೆಂದಿರುವುದನ್ನು ಕಂಡು ಗಲಿಬಿಲಿಗೊಳ್ಳಬೇಡಿ. ಈಗ ಹಕ್ಕಿ ವೀಕ್ಷಕರು ದಾಖಲೆ ಸೇರಿಸುವ ಜಾಲತಾಣವಾದ ಇಬರ್ಡ್‌ನ ಪಟ್ಟಿಯಲ್ಲಿ ಇವೆರಡೂ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್ ಎಂಬ ಒಂದೇ ಪ್ರಭೇದದ ಉಪಪ್ರಭೇದಗಳು. ಈ ಗುಂಪಿನ ವರ್ಗೀಕರಣವೇ ಹಾಗೆ, ನಿಂತ ನೀರಲ್ಲ. ಉತ್ತರ ಧ್ರುವವನ್ನು ಸುತ್ತುವರಿದ ಈ ಹಕ್ಕಿಗಳನ್ನು ಒಂದು ಕಾಲಕ್ಕೆ ವರ್ತುಲ ಪ್ರಭೇದಕ್ಕೆ, ಎಂದರೆ ನೆರೆಯ ಗುಂಪುಗಳು ಪರಸ್ಪರ ಕೂಡುತ್ತ ಸಾಗಿ ವರ್ತುಲದ ಎರಡು ತುದಿಗಳು ಮಾತ್ರ ಕೂಡದಿರುವ ಪ್ರಭೇದಕ್ಕೆ, ಮಾದರಿಯೆಂದು ಪಠ್ಯಗಳಲ್ಲಿ ಬೋಧಿಸುತ್ತಿದ್ದರು. 2004ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಆ ವಾದವನ್ನು ತಳ್ಳಿಹಾಕಿತು. ಇವುಗಳ ನಡುವೆ ಒಮ್ಮೊಮ್ಮೆ ಪಲ್ಲಾಸ್ ಗಲ್ ಎಂಬ ಇನ್ನೂ ದೊಡ್ಡ ಹಕ್ಕಿ ಇರುತ್ತದೆ. ಕಣ್ಣಿನ ಮೇಲೂ ಕೆಳಗೂ ಬಿಳಿಯ ಅರ್ಧಚಂದ್ರ, ಹಳದಿ ಕೊಕ್ಕಿನ ತುದಿಯಲ್ಲಿ ಕಪ್ಪು ಮತ್ತು ಕೆಂಪು ಇರುವ ಅದನ್ನು ಬೇರೆ ಯಾವುದರೊಂದಿಗೂ ಗೊಂದಲಿಸಿಕೊಳ್ಳಬೇಕಾಗಿಲ್ಲ.

ಹ್ಯೂಗ್ಲಿನ್ಸ್‌ನ ಬೆನ್ನು ಗಾಢ ಬೂದು, ಸ್ಟೆಪ್ಪೆಯದು ತುಸು ತಿಳಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸರಿ, ಆದರೆ ಚಿತ್ರವನ್ನು ನೋಡಿ ಈ ಒಂದೇ ಆಧಾರದ ಮೇಲೆ ಹೆಸರಿಡುವವರು ಮೋಸಹೋಗುತ್ತಾರೆ. ಬಿಸಿಲಿಗೆ ಹೊಳೆಯುವ ಮರಳಿನ ಹಿನ್ನೆಲೆಯಲ್ಲಿ ಕ್ಯಾಮೆರಾ ತಾನಾಗಿಯೇ ಚಿತ್ರವನ್ನು ಕಪ್ಪಾಗಿಸುತ್ತದೆ, ಆಗ ಸ್ಟೆಪ್ಪೆ ಹ್ಯೂಗ್ಲಿನ್ಸ್‌ನಂತೆ ಕಾಣುತ್ತದೆ. ಕಪ್ಪು ನೀರಿನ ಮೇಲೆ ತೇಲುತ್ತಿರುವ ಹಕ್ಕಿಯನ್ನು ಅದೇ ಕ್ಯಾಮೆರಾ ಬೆಳ್ಳಗಾಗಿಸುತ್ತದೆ, ಆಗ ಹ್ಯೂಗ್ಲಿನ್ಸ್ ಸ್ಟೆಪ್ಪೆಯಾಗುತ್ತದೆ. ಹಕ್ಕಿ ಮೈಯನ್ನು ಬೆಳಕಿನತ್ತ ಸ್ವಲ್ಪ ತಿರುಗಿಸಿದರೂ ಬೂದಿನ ಛಾಯೆ ಬದಲಾಗುತ್ತದೆ. ಇದಕ್ಕೆ ನನಗೆ ಕಂಡ ಪರಿಹಾರ ಒಂದೇ: ಒಂದೇ ಚೌಕಟ್ಟಿನಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ ನಿಂತ ಎರಡು ಮೂರು ಹಕ್ಕಿಗಳನ್ನು ಸೇರಿಸಿ ತೆಗೆಯಬೇಕು. ಒಂಟಿ ಹಕ್ಕಿಯ ಮುಖಕ್ಕೆ ಜೂಮ್ ಮಾಡಿ ತೆಗೆದ ಚಿತ್ರ ಗೋಡೆಗೆ ತೂಗುಹಾಕಲು ಚೆನ್ನ, ಗುರುತಿಸಲು ನಿರುಪಯೋಗಿ. ಎಕ್ಸ್‌ಪೋಶರನ್ನು ಸ್ವಲ್ಪ ಕಡಿಮೆ ಮಾಡಿಟ್ಟುಕೊಂಡು, ಬಿಳಿಯ ತಲೆಯ ಮೇಲಿನ ಸಣ್ಣ ಗೀರುಗಳು ಅಳಿಸಿಹೋಗದಂತೆ ನೋಡಿಕೊಳ್ಳಿ. ಕಚ್ಚಾ ಕಡತದಲ್ಲಿ, ಎಂದರೆ ರಾ ರೂಪದಲ್ಲಿ ಉಳಿಸಿದರೆ ಮನೆಗೆ ಬಂದ ಮೇಲೆ ಸರಿಪಡಿಸಲು ಅವಕಾಶವಿರುತ್ತದೆ.

ಬಣ್ಣಕ್ಕಿಂತ ಭರವಸೆಯ ಸಾಕ್ಷಿ ರೆಕ್ಕೆಯ ಗರಿಗಳು. ಕಡಲಕ್ಕಿಯ ರೆಕ್ಕೆಯ ಹೊರಭಾಗದ ಹತ್ತು ದೊಡ್ಡ ಗರಿಗಳನ್ನು ಒಳಗಿನಿಂದ ಹೊರಕ್ಕೆ ಪಿ1ರಿಂದ ಪಿ10ರವರೆಗೆ ಎಣಿಸುತ್ತಾರೆ. ಹಳೆಯ ಗರಿ ಉದುರಿ ಹೊಸದು ಬೆಳೆಯುವ ಕೆಲಸವೂ ಅದೇ ಕ್ರಮದಲ್ಲಿ ನಡೆಯುತ್ತದೆ. ತುಂಡ್ರಾದ ಹ್ಯೂಗ್ಲಿನ್ಸ್ ಈ ಕೆಲಸವನ್ನು ತಡವಾಗಿ ಮುಗಿಸುತ್ತದೆ. ಜನವರಿಯಲ್ಲೂ ಹೊರಗಿನ ಗರಿಗಳು ಅರ್ಧ ಬೆಳೆದಿರುವ ಹಕ್ಕಿಗಳು ಸಾಮಾನ್ಯ. ಸ್ಟೆಪ್ಪೆ ಅಷ್ಟುಹೊತ್ತಿಗೆ ಬಹುಮಟ್ಟಿಗೆ ಮುಗಿಸಿರುತ್ತದೆ.

ಈ ವಿಷಯ ಎಷ್ಟು ಉಪಯುಕ್ತವೆಂಬುದು ಕೋಡಿಬೆಂಗ್ರೆಯ ದಿಬ್ಬದಲ್ಲಿ ಸ್ಪಷ್ಟವಾಯಿತು. ಗಾಢ ಬೆನ್ನಿನ ಹಕ್ಕಿಗಳ ಸಾಲಿನ ತುದಿಯಲ್ಲಿ ಒಂದು ಮಾತ್ರ ಬೇರೆಯಾಗಿ ನಿಂತಿತ್ತು: ಬೆನ್ನು ತಿಳಿ, ಕಣ್ಣು ದೂರದಿಂದ ಕಪ್ಪಾಗಿ ಕಾಣುವಂಥದ್ದು, ತಲೆ ಬಹುತೇಕ ಶುಭ್ರ ಬಿಳಿ. ಅಲ್ಲಿದ್ದ ಬೇರೊಂದು ತಂಡದ ಮಾರ್ಗದರ್ಶಕರು ತಮ್ಮ ಜೊತೆಯವರಿಗೆ ಅದು ಅಪರೂಪದ ಕ್ಯಾಸ್ಪಿಯನ್ ಗಲ್ ಎಂದು ಘೋಷಿಸಿ, ಎಲ್ಲರ ಪಟ್ಟಿಗೂ ಬರೆಸಿ, ಮುಂದಕ್ಕೆ ಹೊರಟೇಬಿಟ್ಟರು. ನಾವು ಅಲ್ಲೇ ಕುಳಿತೆವು. ಸ್ಕೋಪಿನಲ್ಲಿ ನೋಡಿದಾಗ ತಲೆ ದುಂಡಗಿತ್ತು, ಕೊಕ್ಕು ಮೋಟಾಗಿತ್ತು. ಕ್ಯಾಸ್ಪಿಯನ್‌ಗೆ ಇರಬೇಕಾದ ನೀಳ ಕೊಕ್ಕು, ಇಳಿಜಾರು ಹಣೆ, ಸಪೂರ ಉದ್ದ ಕಾಲುಗಳು ಇರಲಿಲ್ಲ. ಒಂದು ನಾಯಿ ದಿಬ್ಬದ ಮೇಲೆ ಓಡಿಬಂದಾಗ ಅದು ರೆಕ್ಕೆ ಬಿಚ್ಚಿತು, ಕ್ಯಾಮೆರಾ ಸರಣಿಯಾಗಿ ಚಿತ್ರಗಳನ್ನು ತೆಗೆಯಿತು. ಸಂಜೆ ಕೋಣೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ರೆಕ್ಕೆಯ ತುದಿಯಲ್ಲಿ ಕಪ್ಪು ಧಾರಾಳವಾಗಿ ಹರಡಿತ್ತು, ಪಿ10ರಲ್ಲಿ ಒಂದೇ ಒಂದು ಸಣ್ಣ ಬಿಳಿ ಬೊಟ್ಟಿತ್ತು. ಕ್ಯಾಸ್ಪಿಯನ್‌ನ ರೆಕ್ಕೆಯಲ್ಲಿ ಕಪ್ಪನ್ನು ಸೀಳಿಕೊಂಡು ತುದಿಯತ್ತ ಚಾಚುವ ತಿಳಿಬೂದಿನ ಉದ್ದ ನಾಲಗೆಗಳು ಇಲ್ಲಿ ಕಾಣಲಿಲ್ಲ. ಗರಿಗಳೆಲ್ಲ ಪೂರ್ತಿ ಬೆಳೆದಿದ್ದವು. ಅದೇ ಚೌಕಟ್ಟಿನಲ್ಲಿ ಹಾರುತ್ತಿದ್ದ ಗಾಢ ಬೆನ್ನಿನ ನೆರೆಯ ಹಕ್ಕಿಯ ಹೊರಗರಿಗಳು ಇನ್ನೂ ಗಿಡ್ಡವಾಗಿದ್ದು ರೆಕ್ಕೆಯ ತುದಿ ಮೊಂಡಾಗಿ ಕಾಣುತ್ತಿತ್ತು. ಅದು ಸ್ಟೆಪ್ಪೆ ಗಲ್ ಎನ್ನಲು ಈ ಎಲ್ಲ ಅಂಶಗಳೂ ಒಟ್ಟಿಗೆ ಬೇಕಾದವು, ಯಾವೊಂದೂ ತಾನಾಗಿ ಸಾಲುತ್ತಿರಲಿಲ್ಲ. ಹಣ ಪಡೆದು ಹಕ್ಕಿ ತೋರಿಸುವವರು ಅಪರೂಪದ ಹೆಸರನ್ನು ಇಷ್ಟು ಸುಲಭವಾಗಿ ಹಂಚಬಾರದು. ಆ ಹೆಸರು ಮುಂದೆ ದಾಖಲೆಗಳಲ್ಲಿ ಸೇರಿ, ಯಾವ ಹಕ್ಕಿ ಎಲ್ಲಿಗೆ ಬರುತ್ತದೆಂಬ ನಮ್ಮೆಲ್ಲರ ತಿಳಿವಳಿಕೆಯನ್ನೇ ಕೆಡಿಸುತ್ತದೆ.

ಎಳೆಯ ಹಕ್ಕಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಯಮ ಬೇಕು. ದೊಡ್ಡ ಕಡಲಕ್ಕಿಗಳು ಪೂರ್ಣ ಬಣ್ಣಕ್ಕೆ ಬರಲು ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಪ್ರತಿ ಚಳಿಗಾಲದಲ್ಲೂ ಬೇರೆ ವೇಷ. ಮಲ್ಪೆಯ ದಕ್ಕೆಯಲ್ಲಿ, ಎಂದರೆ ಮೀನು ಇಳಿಸುವ ಬಂದರುಕಟ್ಟೆಯಲ್ಲಿ ಕಂಡ, ಬೆನ್ನಿನಲ್ಲಿ ಅಲ್ಲಲ್ಲಿ ಬೂದು ಮೂಡತೊಡಗಿದ್ದ ಕಂದು ಹಕ್ಕಿಯೊಂದನ್ನು ನಾವು ಉಪಪ್ರಭೇದದ ಹೆಸರಿಲ್ಲದೆ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಎಂದಷ್ಟೇ ದಾಖಲಿಸಿದ್ದೇವೆ. ಇಬರ್ಡ್‌ನಲ್ಲಿ ಅದಕ್ಕೆ ಅವಕಾಶವಿದೆ, ಸಂಕೋಚವಿಲ್ಲದೆ ಬಳಸಿಕೊಳ್ಳಿ.

ದಕ್ಕೆಗೆ ಹೋಗುವುದಾದರೆ ಟ್ರಾಲರುಗಳು ಮೀನು ಇಳಿಸುವ ಹೊತ್ತಿಗೆ ಹೋಗಿ. ನೆಲ ಜಾರುತ್ತದೆ, ವಾಸನೆ ಗಾಢ, ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲಬಾರದು. ಇದನ್ನು ಸಹಿಸಬಲ್ಲವರಿಗೆ ದೊಡ್ಡ ಕಡಲಕ್ಕಿಗಳು ಇಷ್ಟು ಹತ್ತಿರ ಬೇರೆಲ್ಲೂ ಸಿಗಲಾರವು. ಕೊಕ್ಕಿನ ತುದಿಯ ಕೆಂಪು ಕಪ್ಪು ಗುರುತು, ಹಿಂಗತ್ತಿನ ಗೀರುಗಳು, ಕಣ್ಣಿನ ಬಣ್ಣ ಇವನ್ನು ಬೈನಾಕ್ಯುಲರ್ ಇಲ್ಲದೆಯೂ ಅಭ್ಯಾಸ ಮಾಡಬಹುದು. ಮೀನುಗಾರರನ್ನು ಕೇಳದೆ ಅವರ ಚಿತ್ರ ತೆಗೆಯಬೇಡಿ.

ಊಟಕ್ಕೆ ದೊಡ್ಡ ಹೋಟೆಲುಗಳ ಅಗತ್ಯವೇ ಇಲ್ಲ. ದಕ್ಕೆಯಿಂದ ಹೊರಬರುವ ದಾರಿಯಲ್ಲಿ, ಹಂಚಿನ ಮಾಡಿನ ಕೆಳಗೆ ನಾಲ್ಕೇ ಬೆಂಚುಗಳಿದ್ದ ಮನೆಯೂಟದ ಜಾಗವೊಂದರಲ್ಲಿ ನಾವು ಪ್ರತಿ ಮಧ್ಯಾಹ್ನ ಕುಳಿತೆವು. ಕುಚಲಕ್ಕಿ ಅನ್ನ ಹಬೆಯಾಡುತ್ತ ಬರುತ್ತಿತ್ತು; ಮೇಲೆ ತೆಳ್ಳಗಿನ ಮೀನಿನ ಸಾರು, ಬದಿಗೆ ಬಂಗುಡೆ ಪುಳಿಮುಂಚಿ, ಒಂದಿಷ್ಟು ಪಲ್ಯ, ಉಪ್ಪಿನಕಾಯಿ. ಬ್ಯಾಡಗಿ ಮೆಣಸಿನ ಕೆಂಪು, ಹುಣಸೆಯ ಹುಳಿ ಎರಡೂ ಹದವಾಗಿ ಬೆರೆತಿದ್ದ ಆ ಮಸಾಲೆ ಮೀನಿನ ಒಳಗಿನವರೆಗೂ ಇಳಿದಿತ್ತು, ಮೂಳೆಯಿಂದ ಮಾಂಸ ಸಲೀಸಾಗಿ ಬಿಟ್ಟುಕೊಳ್ಳುತ್ತಿತ್ತು. ಬಡಿಸುವ ಅಮ್ಮ ಬೆಳಗ್ಗೆ ಯಾವ ಬೋಟಿನಲ್ಲಿ ಯಾವ ಮೀನು ಬಂತೆಂದು ಹೇಳಿಯೇ ಬಡಿಸುತ್ತಿದ್ದರು. ಬೂತಾಯಿ ಸಿಕ್ಕ ದಿನ ಕಾಯಿಸಿದ ಬೂತಾಯಿ, ಬೇಡಿದಷ್ಟು ಅನ್ನ, ಕೊನೆಗೆ ಮಜ್ಜಿಗೆ. ಇಷ್ಟಕ್ಕೂ ನೂರೈವತ್ತು ರೂಪಾಯಿ ದಾಟಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಬೇಕು, ತಡವಾದರೆ ಮುಗಿದಿರುತ್ತದೆ. ಮೀನು ತಿನ್ನದವರಿಗೆ ಉಡುಪಿ ಪೇಟೆ ಹತ್ತಿರದಲ್ಲೇ ಇದೆ.

ಕೋಣೆಯ ವಿಷಯದಲ್ಲಿ ಎಚ್ಚರ ವಹಿಸಿ. ಕಡಲ ದಂಡೆಗೆ ತಾಗಿದಂತಿದ್ದ ವಸತಿಯೊಂದರಲ್ಲಿ ಶುಕ್ರವಾರ ರಾತ್ರಿಯಿಂದ ದರ ಇಮ್ಮಡಿಯಾಯಿತು, ಅದನ್ನು ಮುಂಚಿತವಾಗಿ ಯಾರೂ ಹೇಳಿರಲಿಲ್ಲ. ಸಮುದ್ರ ಕಾಣುವ ಕಿಟಕಿಯೆಂದು ಕೊಟ್ಟದ್ದು ನೀರಿನ ಟ್ಯಾಂಕಿನ ಪಕ್ಕಕ್ಕೆ ತೆರೆಯುತ್ತಿತ್ತು. ಉಡುಪಿಯಲ್ಲೇ ಉಳಿದುಕೊಂಡು ಬೆಳಗಿನ ಮೊದಲ ಸಿಟಿ ಬಸ್ಸಿನಲ್ಲಿ ಮಲ್ಪೆಗೆ ಬಂದು, ಅಲ್ಲಿಂದ ಕೋಡಿಬೆಂಗ್ರೆಗೆ ಆಟೋ ಹಿಡಿಯುವುದು ಹೆಚ್ಚು ನೆಮ್ಮದಿಯ ದಾರಿ. ಆಟೋದವರೊಂದಿಗೆ ಹೋಗಿಬರುವ ದರ ಮತ್ತು ಕಾಯುವ ಹೊತ್ತು ಎರಡನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಕಾರವಾರದ ಕಾಳಿ ಅಳಿವೆಗೂ ಹೋಗಿಬಂದೆವು. ಬೆಳಕು ಮಂಕಾಗಿತ್ತು, ಹೊಸದೇನೂ ಸಿಗಲಿಲ್ಲ. ಸಮಯ ಕಡಿಮೆಯಿರುವವರು ಅದನ್ನು ಬಿಟ್ಟು ಕೋಡಿಬೆಂಗ್ರೆಗೆ ಇನ್ನೊಂದು ಬೆಳಗ್ಗೆ ಕೊಡಬಹುದು.

ಯಾವಾಗ ಹೋಗಬೇಕೆಂದು ಕೇಳುವವರಿಗೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಎನ್ನುತ್ತೇನೆ. ಪಲ್ಲಾಸ್ ಗಲ್‌ನ ಪೂರ್ಣ ಕಪ್ಪು ತಲೆಯನ್ನು ನೋಡುವ ಆಸೆಯಿದ್ದರೆ ಫೆಬ್ರವರಿ ಕೊನೆಯವರೆಗೆ ಕಾಯಬಹುದು, ಆದರೆ ಅಷ್ಟುಹೊತ್ತಿಗೆ ಬಹಳಷ್ಟು ಹ್ಯೂಗ್ಲಿನ್ಸ್ ಹಕ್ಕಿಗಳ ಗರಿಗಳೂ ಬೆಳೆದು ಮುಗಿಯುತ್ತ ಬಂದಿರುವುದರಿಂದ, ಸ್ಟೆಪ್ಪೆಯಿಂದ ಅವನ್ನು ಬೇರ್ಪಡಿಸುವ ಒಂದು ಒಳ್ಳೆಯ ಆಧಾರ ಕೈತಪ್ಪಿಹೋಗುತ್ತದೆ.