ಬಾವುಟಗುಡ್ಡೆಯ ಕಣ್ಕಟ್ಟು

ಮಂಗಳೂರಿಗೆ ಹೋದವರು ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರದ ಚಿತ್ರಗಳನ್ನು ತಪ್ಪದೆ ನೋಡುತ್ತಾರೆ. ಆ ಚಿತ್ರಗಳ ಅಂಚನ್ನು ನೋಡುವವರು ಕಡಿಮೆ. ಈ ಸಲ ನನ್ನ ಜೊತೆಗಿದ್ದ ಭಾವ ಗಾರೆ ಕೆಲಸದಲ್ಲಿ ಪಳಗಿದ ಮೇಸ್ತ್ರಿ. ಅವರಿಗೆ ಸಂತರ ಕಥೆಗಿಂತ ಗೋಡೆಯ ಮೇಲೇ ಕಣ್ಣು.

ಹಂಪನಕಟ್ಟೆಯಿಂದ ಏರುದಾರಿ ಹತ್ತಿ ಬಾವುಟಗುಡ್ಡೆ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಕಾಲಿಟ್ಟವರೇ ಭಾವ ತಲೆಯೆತ್ತಿ, “ಇಷ್ಟು ನಯವಾಗಿ ಅಂಚುಪಟ್ಟಿ ಎಳೆಯಲು ಎಂತಹ ಕೈ ಬೇಕು ಮಾರಾಯ!” ಎಂದರು.

“ಭಾವ, ಅದು ಗಾರೆಯಲ್ಲ, ಬಣ್ಣ.”

ನಂಬಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನಡೆದು ನೋಡಿದರು. ನಿಜವಾದ ಉಬ್ಬುಪಟ್ಟಿಯಾದರೆ ನಾವು ಸರಿದಂತೆ ಅದರ ಮಗ್ಗುಲು ಕಾಣಿಸಬೇಕು, ಮರೆಯಾಗಬೇಕು. ಇದು ಜಗ್ಗಲಿಲ್ಲ. ಮೇಲಂಚಿನಲ್ಲಿ ಬಿಳಿ ಗೆರೆ, ಕೆಳಗೆ ಕಪ್ಪು ಗೆರೆ, ನಡುವೆ ಕರಗುತ್ತ ಹೋಗುವ ಬೂದು. “ನೆರಳನ್ನೂ ಅವನೇ ಬರೆದಿಟ್ಟಿದ್ದಾನೆ!”

ಬರೆದವರು ಇಟಲಿಯ ಬೆರ್ಗಾಮೊ ಸಮೀಪ 1854ರಲ್ಲಿ ಹುಟ್ಟಿದ ಜೆಸ್ವಿಟ್ ಎಂಬ ಕ್ರೈಸ್ತ ಧಾರ್ಮಿಕ ಸಂಘದ ಬ್ರದರ್ ಆಂಟೋನಿಯೊ ಮೊಸ್ಕೆನಿ. ಗೋಡೆಯದು ಫ್ರೆಸ್ಕೊ: ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಬೇಕು, ಆ ದಿನ ಬಳಿದಷ್ಟನ್ನು ಆ ದಿನವೇ ಮುಗಿಸಬೇಕು. ಈ ಕಷ್ಟ ಭಾವನಿಗೆ ವಿವರಿಸಬೇಕಾಗಲಿಲ್ಲ. ಒಳಛಾವಣಿಯಲ್ಲಿರುವವು ಕ್ಯಾನ್ವಾಸಿನ ತೈಲಚಿತ್ರಗಳು.

ಯುರೋಪಿನಲ್ಲಿ ಈ ಕಣ್ಕಟ್ಟಿನ ಕಲೆಗೆ ಹಳೆಯ ಪರಂಪರೆಯಿದೆ. 17ನೆಯ ಶತಮಾನದ ಕಲಾವಿದರು ಹಲಗೆಗೆ ಪಟ್ಟಿಯಿಂದ ಸಿಕ್ಕಿಸಿದ ಕಾಗದ, ಬಾಚಣಿಗೆ, ಗರಿಲೇಖನಿಗಳನ್ನು ಬರೆದರು. ಕುಂಬಳಕಾಯಿಯನ್ನಲ್ಲ, ಕಾಗದವನ್ನೇ ಏಕೆ? ದಪ್ಪ ಕಡಿಮೆಯಾದಷ್ಟೂ ಮೋಸ ಬಯಲಾಗುವುದು ಕಷ್ಟ. ಕಾರ್ನೆಲಿಸ್ ಗೈಸ್‌ಬ್ರೆಕ್ಟ್ಸ್ ಎಂಬಾತ ಸುಮಾರು 1670ರಲ್ಲಿ ಒಂದು ಚಿತ್ರದ ಬೆನ್ನನ್ನಷ್ಟೇ ಬರೆದ: ಮರದ ಚೌಕಟ್ಟು, ಮೊಳೆಗಳು, ಅಂಟಿಸಿದ ನಂಬರು ಚೀಟಿ. ತಿರುಗಿಸಿ ನೋಡೋಣವೆಂದರೆ ಹಿಂದೆ ಏನೂ ಇಲ್ಲ.

ಮೊಸ್ಕೆನಿಯ ಅಂಚುಪಟ್ಟಿ ಇದೇ ಜಾತಿಯದು ಎನ್ನುವುದು ನನ್ನ ಲೆಕ್ಕ. ಮೇಲೆ ಬರೆದ ಸ್ವರ್ಗವನ್ನು ಯಾರೂ ನಿಜವೆಂದುಕೊಳ್ಳುವುದಿಲ್ಲ, ಪಟ್ಟಿಯನ್ನು ಎಲ್ಲರೂ ಅಂದುಕೊಳ್ಳುತ್ತಾರೆ. ಯಕ್ಷಗಾನದಲ್ಲಿ ಮಯಸಭೆಯ ಕೌರವನನ್ನು ಕಂಡು ನಕ್ಕವರು ಇಲ್ಲಿ ತುಸು ಹೊತ್ತು ನಿಲ್ಲಬೇಕು.

ಹೊರಗೆ ಬಂದು ಗಡ್‌ಬಡ್ ತಿನ್ನುವಾಗಲೂ ಭಾವ ಪಟ್ಟು ಬಿಡಲಿಲ್ಲ. “ಎರಡನೆಯ ಕಮಾನಿನದಾದರೂ ಗಾರೆಯೇ ಇರಬೇಕು. ಒಂದು ಏಣಿ ಕೊಟ್ಟಿದ್ದರೆ ಹೇಳಿಬಿಡುತ್ತಿದ್ದೆ.”