ವಿಂಬಲ್ಡನ್‌ಗೆ ಮೂರು ಐಡಿ ಯಾಕೆ?

ನಾನು ಕೆಲಸ ಮಾಡುವುದು ಫುಟ್‌ಬಾಲ್ ಅಂಕಿ-ಅಂಶ ಒದಗಿಸುವ ಒಂದು ಕಂಪನಿಯಲ್ಲಿ. ಮೊಬೈಲ್‌ನಲ್ಲಿ ಸ್ಕೋರ್ ನೋಡುವಾಗ ತಂಡದ ಹೆಸರು ಒತ್ತಿದರೆ ಒಂದು ಪುಟ ತೆರೆಯುತ್ತದಲ್ಲ, ಶುರುವಾದ ಇಸವಿ, ಮೈದಾನ, ಗೆದ್ದ ಕಪ್‌ಗಳು ಅಂತ? ಅಂಥ ಪುಟಗಳ ಹಿಂದಿನ ಡೇಟಾಬೇಸ್ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಪಂದ್ಯ ನೋಡಿಕೊಂಡು ಗೋಲು, ಕಾರ್ಡು ಅಂತ ಬಟನ್ ಒತ್ತುವವರು ಬೇರೆ. ಅವರದ್ದು ಸೆಕೆಂಡುಗಳ ಲೆಕ್ಕ, ನಮ್ಮದು ಇಸವಿಗಳ ಲೆಕ್ಕ. ನಮ್ಮ ಕಡೆ ಗಡಿಬಿಡಿ ಕಡಿಮೆ, ಜಗಳ ಜಾಸ್ತಿ.

ಪ್ರತಿ ಕ್ಲಬ್‌ಗೂ ಒಂದು ಐಡಿ ನಂಬರ್ ಇರುತ್ತದೆ. ಹೆಸರು, ಲೋಗೋ, ಜರ್ಸಿ ಬಣ್ಣ ಏನು ಬೇಕಾದರೂ ಬದಲಾಗಲಿ, ಆ ನಂಬರ್ ಬದಲಾಗಬಾರದು. ಆಡಿದ ಪಂದ್ಯ, ಆಡಿದವರು, ಗೆದ್ದ ಕಪ್ ಎಲ್ಲವೂ ಅದಕ್ಕೇ ಅಂಟಿಕೊಂಡಿರುತ್ತವೆ. ಬಹುಪಾಲು ಕ್ಲಬ್‌ಗಳ ವಿಷಯದಲ್ಲಿ ಇದು ಸಲೀಸು. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2013ರ ಜುಲೈನಲ್ಲಿ ಶುರುವಾಯಿತು. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಿಟ್ಟು ಕಂಠೀರವಕ್ಕೆ ಬಂತು. 2017ರಲ್ಲಿ ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿತು. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋದಾಗ ರಾಹುಲ್ ಭೇಕೆ ಗೋಲು ಹೊಡೆದು ಕಪ್ ತಂದುಕೊಟ್ಟರು. ಮೈದಾನ ಬದಲಾಯಿತು, ಲೀಗ್ ಬದಲಾಯಿತು, ಐಡಿ ಮಾತ್ರ ಅದೇ. ಅದರ ಬಗ್ಗೆ ಯಾರೂ ತಕರಾರು ತೆಗೆದಿಲ್ಲ.

ತಕರಾರು ಬರುವುದು ವಿಂಬಲ್ಡನ್‌ನಂಥ ಕ್ಲಬ್ ಬಂದಾಗ. ಟೆನಿಸ್‌ನ ವಿಂಬಲ್ಡನ್ ಊರೇ, ಲಂಡನ್‌ನ ನೈಋತ್ಯ ಭಾಗ.

ಒಬ್ಬ ಕ್ಲೈಂಟ್ ಕಡೆಯಿಂದ ಟಿಕೆಟ್, ಅಂದರೆ ನಾವು ಬಗೆಹರಿಸಬೇಕಾದ ಕೋರಿಕೆ, ಬಂತು. ಪ್ರಶ್ನೆ ಒಂದೇ ಸಾಲಿನದು: 1988ರ ಎಫ್‌ಎ ಕಪ್ ಅನ್ನು ನಾವು ಯಾವ ಕ್ಲಬ್‌ನ ಪುಟದಲ್ಲಿ ತೋರಿಸಬೇಕು? ತಂಡಕ್ಕೆ ಹೊಸದಾಗಿ ಸೇರಿದ್ದ ಹುಡುಗ ಅದನ್ನು ಕೈಗೆತ್ತಿಕೊಂಡ. ಸ್ವಲ್ಪ ಹೊತ್ತಿಗೆ ನನ್ನ ಸೀಟಿನ ಹತ್ತಿರ ಬಂದ.

"ಮ್ಯಾಮ್, ಇದು ಸುಲಭ ಇದೆ. 2003-04ರಲ್ಲಿ ವಿಂಬಲ್ಡನ್ ಆಡಿದೆ. ಮುಂದಿನ ಸೀಸನ್ ಅದೇ ಜಾಗದಲ್ಲಿ ಎಂಕೆ ಡಾನ್ಸ್ ಅಂತ ಇದೆ. ಆಟಗಾರರೂ ಎಷ್ಟೋ ಜನ ಅವರೇ. ರೀನೇಮ್ ಹೊಡೆದುಬಿಡ್ಲಾ?"

"ಹೊಡಿಬೇಡ, ಇರು. ಎಎಫ್‌ಸಿ ವಿಂಬಲ್ಡನ್ ಯಾವಾಗ ಶುರು ನೋಡು."

ನೋಡಿದ. "2002. ಹಂಗಂದ್ರೆ ಎರಡು ವರ್ಷ ಎರಡೂ ಇದ್ವಾ?"

ಇದ್ದವು. ಗಂಟು ಇರುವುದೇ ಅಲ್ಲಿ.

ಮೂಲ ಕ್ಲಬ್ ಶುರುವಾದದ್ದು 1889ರಲ್ಲಿ, ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್ ಎಂಬ ಹೆಸರಿನಲ್ಲಿ. 1912ರಿಂದ ಪ್ಲೌ ಲೇನ್ ಅವರ ಮೈದಾನ. ದಶಕಗಳ ಕಾಲ ಅದು ಸಂಬಳವಿಲ್ಲದೆ ಆಡುವವರ ಕ್ಲಬ್ ಆಗಿತ್ತು. 1963ರಲ್ಲಿ ಹವ್ಯಾಸಿಗಳ ಕಪ್ ಗೆದ್ದಾಗ ಫೈನಲ್‌ನಲ್ಲಿ ಎಡ್ಡಿ ರೆನಾಲ್ಡ್ಸ್ ಹೊಡೆದ ನಾಲ್ಕು ಗೋಲುಗಳೂ ತಲೆಯಿಂದ ಹೊಡೆದವು. ಇಂಗ್ಲೆಂಡಿನ ವೃತ್ತಿಪರ ತಂಡಗಳ ಫುಟ್‌ಬಾಲ್ ಲೀಗ್‌ಗೆ ಸೇರಿಸಿಕೊಂಡದ್ದು 1977ರಲ್ಲಿ. ಅಲ್ಲಿಂದ ಒಂಬತ್ತೇ ವರ್ಷದಲ್ಲಿ, 1986ಕ್ಕೆ, ದೇಶದ ಮೊದಲ ದರ್ಜೆಗೆ ಏರಿತು. 1988ರ ಮೇ 14ರಂದು ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್, ಎದುರಿಗೆ ಆ ಕಾಲದ ಬಲಾಢ್ಯ ಲಿವರ್‌ಪೂಲ್. ಲಾರಿ ಸ್ಯಾಂಚೆಜ್ ತಲೆಯಿಂದ ಒಂದು ಗೋಲು ಹೊಡೆದರು. ಆಮೇಲೆ ಜಾನ್ ಆಲ್ಡ್ರಿಜ್ ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ಡೇವ್ ಬೀಸಂಟ್ ಎಡಕ್ಕೆ ಹಾರಿ ತಡೆದರು. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಅದಕ್ಕೆ ಮೊದಲು ಯಾರೂ ಪೆನಾಲ್ಟಿ ತಡೆದಿರಲಿಲ್ಲ. 1-0. ಕ್ಲೈಂಟ್ ಕೇಳಿದ್ದು ಈ ಕಪ್ಪಿನ ಬಗ್ಗೆಯೇ.

ಗೆದ್ದ ಮೂರೇ ವರ್ಷಕ್ಕೆ ಮನೆ ಹೋಯಿತು. ದೊಡ್ಡ ಕ್ಲಬ್‌ಗಳ ಸ್ಟೇಡಿಯಂಗಳಿಗೆ ಹೊಸ ಸುರಕ್ಷತಾ ನಿಯಮಗಳು ಬರುತ್ತಿದ್ದ ಕಾಲ. ಹಳೇ ಪ್ಲೌ ಲೇನ್ ಅದಕ್ಕೆ ಸಾಲದು ಎಂದು 1991ರಲ್ಲಿ ಕ್ಲಬ್ ಕ್ರಿಸ್ಟಲ್ ಪ್ಯಾಲೇಸ್‌ನವರ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಅಂತ ಹೋದವರು ಹತ್ತು ವರ್ಷ ದಾಟಿದರೂ ವಾಪಸ್ ಬರಲಿಲ್ಲ. 2001ರಲ್ಲಿ ಮಾಲೀಕರು ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯುತ್ತೇವೆ ಎಂದರು. ಸುಮಾರು 90 ಕಿ.ಮೀ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನ ತಂಡವನ್ನು ಮಂಡ್ಯದ ಹತ್ತಿರ ಕೂರಿಸಿ, ಇದು ಅದೇ ತಂಡ, ಬಂದು ಚಪ್ಪಾಳೆ ಹೊಡೀರಿ ಅಂದ ಹಾಗೆ. ಅಭಿಮಾನಿಗಳು ಬೀದಿಗಿಳಿದರು. ವಿಷಯ ಮೂವರ ಸಮಿತಿಗೆ ಹೋಯಿತು. 2002ರ ಮೇ 28ರಂದು ಎರಡಕ್ಕೆ ಒಂದು ಮತದಲ್ಲಿ ಸಮಿತಿ ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ತಳದಿಂದ ಮತ್ತೊಂದು ಕ್ಲಬ್ ಕಟ್ಟಿಕೊಳ್ಳುವುದು ಫುಟ್‌ಬಾಲ್‌ನ ಒಟ್ಟು ಹಿತಕ್ಕೆ ತಕ್ಕದ್ದಲ್ಲ ಅನ್ನುವ ಅರ್ಥದ ಮಾತೂ ವರದಿಯಲ್ಲಿತ್ತು. ಬೇಡ ಅಂದದ್ದನ್ನೇ ಮಾಡಿ ತೋರಿಸುವ ಹಟ ಹುಟ್ಟಲು ಅಷ್ಟು ಸಾಕಾಯಿತು.

ಕೆಲವೇ ದಿನಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಹುಟ್ಟಿತು. ಆಟಗಾರರೇ ಇರಲಿಲ್ಲ. ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ, ಯಾರು ಬೇಕಾದರೂ ಬನ್ನಿ ಅಂತ ಕರೆದು ಆಯ್ಕೆ ಮಾಡಿದರು. ಇನ್ನೂರಕ್ಕೂ ಜಾಸ್ತಿ ಜನ ಬಂದರು. ಮೊದಲ ಪಂದ್ಯ ಸಟನ್ ಯುನೈಟೆಡ್ ವಿರುದ್ಧ, ಸೌಹಾರ್ದ ಪಂದ್ಯ, 4-0 ಸೋಲು. ನೋಡಲು ಬಂದವರು 4,000 ದಾಟಿದ್ದರು. ಸೇರಿದ್ದು ಒಂಬತ್ತನೇ ಹಂತದ ಲೀಗ್‌ಗೆ. ಆ ಸೀಸನ್‌ನಲ್ಲಿ ಅವರ ಪಂದ್ಯಗಳಿಗೆ ಬರುತ್ತಿದ್ದ ಸರಾಸರಿ ಜನ, ಎಷ್ಟೋ ಹಂತ ಮೇಲೆ ಆಡುತ್ತಿದ್ದ ಹಳೇ ವಿಂಬಲ್ಡನ್‌ಗೆ ಬರುತ್ತಿದ್ದವರಿಗಿಂತ ಜಾಸ್ತಿ.

ಈಗ ಡೇಟಾಬೇಸ್‌ಗೆ ಬನ್ನಿ. ಕಂಪ್ಯೂಟರಿಗೆ ಈ ಹಟ, ಈ ಬಯಲು ಯಾವುದೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ಲೀಗ್‌ನಲ್ಲಿರುವ ಜಾಗ. ವಿಂಬಲ್ಡನ್ ಎಫ್‌ಸಿ 2003ರಲ್ಲಿ ದಿವಾಳಿ ಆಡಳಿತಕ್ಕೆ ಹೋಯಿತು, ಅದೇ ಸೆಪ್ಟೆಂಬರ್‌ನಲ್ಲಿ ಮಿಲ್ಟನ್ ಕೀನ್ಸ್‌ನಲ್ಲಿ ಆಡತೊಡಗಿತು, 2004ರಲ್ಲಿ ಹೊಸ ಕಂಪನಿಯ ಕೈಗೆ ಬಂದು ಮಿಲ್ಟನ್ ಕೀನ್ಸ್ ಡಾನ್ಸ್ ಆಯಿತು. ಲೀಗ್ ಪಟ್ಟಿಯಲ್ಲಿ ಜಾಗ ಒಂದು ದಿನವೂ ಖಾಲಿ ಬೀಳಲಿಲ್ಲ. ಹಾಗಾಗಿ ಯಂತ್ರದ ಕಣ್ಣಿಗೆ ಇದು ಬರೀ ಹೆಸರು ಬದಲಾವಣೆ. ಎಎಫ್‌ಸಿ ವಿಂಬಲ್ಡನ್ ಅದರ ಪಾಲಿಗೆ ಆಕಾಶದಿಂದ ಉದುರಿದ ಕೂಸು. ಹುಡುಗ ಹೇಳಿದ್ದೂ ಯಂತ್ರ ಹೇಳುವುದನ್ನೇ. ತಪ್ಪು ಅವನದಲ್ಲ. ಹುಡುಕಲು ಸುಲಭವಾದ ದಾಖಲೆ ಯಾವುದೋ ಅದನ್ನೇ ಕ್ಲಬ್‌ನ ಬೆನ್ನೆಲುಬು ಅಂದುಕೊಳ್ಳುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಇರುವ ಅಭ್ಯಾಸ.

ನಮ್ಮಲ್ಲಿ ಇಂಥವಕ್ಕೆ ಒಂದು ರೂಢಿ ಇದೆ. ಅದೇ ಕ್ಲಬ್ಬಾ ಅಲ್ವಾ ಅಂತ ಶುರುವಿನಲ್ಲೇ ಕೇಳುವುದಿಲ್ಲ. ಯಾವ ಯಾವ ವಸ್ತು ಯಾರಿಂದ ಯಾರಿಗೆ, ಯಾವ ದಿನ ಹೋಯಿತು ಅಂತ ಬರೆಯುತ್ತೇವೆ. ವಿಂಬಲ್ಡನ್‌ಗೆ ಹಾಗೆ ಬರೆದರೆ ಚಿತ್ರ ಬೇರೆಯೇ ಆಗುತ್ತದೆ. ಲೀಗ್‌ನ ಜಾಗ ಮತ್ತು ಆಟಗಾರರ ಒಪ್ಪಂದಗಳು 2004ರಲ್ಲಿ ಎಂಕೆ ಡಾನ್ಸ್‌ಗೆ. ಅಭಿಮಾನಿಗಳು, ಅವರ ಸಂಘಟನೆ, ನೀಲಿ-ಹಳದಿ ಬಣ್ಣ 2002ರಲ್ಲೇ ಎಎಫ್‌ಸಿ ವಿಂಬಲ್ಡನ್‌ಗೆ. ಕಪ್‌ಗಳ ಸಾಲು ಮಾತ್ರ ಮಜವಾಗಿದೆ. ಕ್ಲಬ್‌ನ ಬಳಿ ಇದ್ದ ಗೆಲುವಿನ ನೆನಪಿನ ವಸ್ತುಗಳು ಮೊದಲು ಮಿಲ್ಟನ್ ಕೀನ್ಸ್‌ಗೆ ಹೋದವು. ಅಭಿಮಾನಿ ಸಂಘಟನೆಗಳ ಜತೆ ಮಾತುಕತೆಯಾಗಿ ಒಪ್ಪಂದಕ್ಕೆ ಬಂದ ಮೇಲೆ, 2007ರ ಆಗಸ್ಟ್‌ನಲ್ಲಿ ಅವು ಮರ್ಟನ್ ಎಂಬ ಸ್ಥಳೀಯ ಆಡಳಿತದ ವಶಕ್ಕೆ ಬಂದವು. ವಿಂಬಲ್ಡನ್ ಇರುವುದು ಅದೇ ಮರ್ಟನ್‌ನಲ್ಲಿ. ತಮ್ಮ ಇತಿಹಾಸ 2004ರಿಂದ ಶುರು ಅಂತ ಎಂಕೆ ಡಾನ್ಸ್‌ನವರೇ ಒಪ್ಪಿಕೊಂಡರು.

ಆ ಒಪ್ಪಿಗೆ ಇದ್ದಿದ್ದಕ್ಕೆ ನಮ್ಮ ಟಿಕೆಟ್ ಬಗೆಹರಿಯಿತು. ಮೂರು ಐಡಿ. ವಿಂಬಲ್ಡನ್ ಎಫ್‌ಸಿ, 1889ರಿಂದ 2004. ಎಎಫ್‌ಸಿ ವಿಂಬಲ್ಡನ್, 2002ರಿಂದ. ಎಂಕೆ ಡಾನ್ಸ್, 2004ರಿಂದ. 1988ರ ಕಪ್ ಮೊದಲನೆಯ ಐಡಿಗೆ ಸೇರಿದ್ದು, ಎಲ್ಲೂ ಕದಲುವುದಿಲ್ಲ. ಎಎಫ್‌ಸಿ ವಿಂಬಲ್ಡನ್ ಪುಟದಲ್ಲಿ ಅದು ಹಿಂದಿನ ಕ್ಲಬ್‌ನ ಗೆಲುವು ಎಂಬ ಗುರುತಿನೊಂದಿಗೆ ಕಾಣುತ್ತದೆ. ಎಂಕೆ ಡಾನ್ಸ್ ಪುಟದಲ್ಲಿ ಕಾಣುವುದಿಲ್ಲ. ಎರಡು ಕ್ಲಬ್ ಒಟ್ಟೊಟ್ಟಿಗೆ ಬದುಕಿದ್ದ ಆ 2002-04ರ ಅವಧಿಗೆ ನಮ್ಮ ಸಿಸ್ಟಂ ಕೆಂಪು ದೀಪ ತೋರಿಸಿತು. ಹಳೆಯದು ಮುಗಿದ ಮೇಲೆಯೇ ಹೊಸದು ಶುರುವಾಗಬೇಕು ಎಂಬ ನಿಯಮ ಅದರೊಳಗೆ ಇತ್ತು. ನಿಯಮವನ್ನೇ ಸಡಿಲಿಸಿದೆವು. ಇಸವಿ ತಿದ್ದಿ ದೀಪ ಆರಿಸುವ ದಾರಿಯೂ ಇತ್ತು ಅನ್ನಿ, ಅಂಥ ತಿದ್ದುಪಡಿಗಳು ಆಮೇಲೆ ಎಲ್ಲೆಲ್ಲೋ ತಲೆ ಎತ್ತುತ್ತವೆ.

ಅಂದ ಹಾಗೆ ಎಎಫ್‌ಸಿ ವಿಂಬಲ್ಡನ್ ಒಂಬತ್ತೇ ಸೀಸನ್‌ನಲ್ಲಿ ಐದು ಸಲ ಬಡ್ತಿ ಪಡೆದು, 2011ರಲ್ಲಿ ಲೂಟನ್ ಟೌನ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ಫುಟ್‌ಬಾಲ್ ಲೀಗ್‌ಗೆ ಬಂತು. 2020ರ ನವೆಂಬರ್‌ನಲ್ಲಿ ಪ್ಲೌ ಲೇನ್ ರಸ್ತೆಯಲ್ಲೇ, ಹಳೇ ಮೈದಾನದಿಂದ ಕೂಗಳತೆ ದೂರದಲ್ಲಿ, ಸ್ವಂತ ಸ್ಟೇಡಿಯಂ ತೆರೆಯಿತು. ಕೊರೊನಾ ಕಾಲ, ಮೊದಲ ಪಂದ್ಯಕ್ಕೆ ಪ್ರೇಕ್ಷಕರಿಗೇ ಪ್ರವೇಶವಿರಲಿಲ್ಲ. ನಮ್ಮ ಮೈದಾನದ ಕಾಲಂಗೆ ಹೊಸ ನಂಬರ್ ಕೊಟ್ಟೆವು. ರಸ್ತೆ ಅದೇ ಆದರೂ ಸ್ಟೇಡಿಯಂ ಬೇರೆ. ನನಗೆ ಇಲ್ಲಿ ಸ್ವಲ್ಪ ಹೊಟ್ಟೆ ಉರಿದದ್ದು ನಿಜ, ಆದರೆ ಸರಿಯಾದದ್ದು ಅದೇ.

ಪ್ರತಿ ಸಲ ಹೊಸ ಐಡಿಯೇ ಬೇಕು ಅಂತಲ್ಲ. ಇಟಲಿಯ ಫಿಯೊರೆಂಟಿನಾ 2002ರಲ್ಲಿ ದಿವಾಳಿಯಾಯಿತು. ಕಂಪನಿಯೇ ಮುಳುಗಿತು. ಅದೇ ಫ್ಲಾರೆನ್ಸ್ ನಗರದಲ್ಲಿ ಹೊಸ ಕಂಪನಿ ಫ್ಲೊರೆಂಟಿಯಾ ವಿಯೋಲಾ ಎಂಬ ಹೆಸರಿನಲ್ಲಿ ನಾಲ್ಕನೇ ಹಂತದಿಂದ ಶುರುಮಾಡಿತು, 2003ರಲ್ಲಿ ಹಳೇ ಹೆಸರನ್ನು ಕೊಂಡುಕೊಂಡಿತು. ಕಾಗದದ ಪ್ರಕಾರ ಹೊಸ ಕ್ಲಬ್. ಆದರೂ 1956 ಮತ್ತು 1969ರ ಲೀಗ್ ಗೆಲುವುಗಳು ಅದರವೇ ಎನ್ನುವುದಕ್ಕೆ ಎದುರು ಹೇಳುವ ಇನ್ನೊಬ್ಬರಿಲ್ಲ. ಅದೇ ಊರು, ಅದೇ ಸ್ಟೇಡಿಯಂ, ಅದೇ ನೇರಳೆ ಬಣ್ಣ. ಒಂದೇ ಐಡಿ ಇಟ್ಟುಕೊಂಡು ಕಂಪನಿಯ ಕಾಲಂ ಮಾತ್ರ ಬದಲಿಸಿದೆವು. ವಿಂಬಲ್ಡನ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ: ಪಾಲು ಕೇಳುವವರು ಇಬ್ಬರಿದ್ದಾರೋ ಒಬ್ಬರೋ.

ನಮ್ಮ ರಾಜ್ಯ ತಂಡದ್ದೂ ಹಾಗೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಾಗ, ಇದು ಕರ್ನಾಟಕಕ್ಕೆ ಮೊದಲನೆಯದಾ ಅಂತ ಯಾರೋ ಕೇಳಿದರು. ಅಲ್ಲ. 54 ವರ್ಷದ ಹಿಂದೆ ಗೆದ್ದದ್ದು ಮೈಸೂರು. ರಾಜ್ಯದ ಹೆಸರು 1973ರಲ್ಲಿ ಬದಲಾಯಿತು, ಅಷ್ಟೇ. ಇದು ಅಪ್ಪಟ ರೀನೇಮ್. ಆ ಹುಡುಗ ಕೊನೆಗೂ ಬಟನ್ ಒತ್ತಿದ್ದು ಇಲ್ಲಿ.

ಆದರೆ ಬೆಂಗಳೂರು ಎಫ್‌ಸಿಯ ಶುರುವಿನ ಇಸವಿ ಹಿಂದಕ್ಕೆ ಹೋಗುವುದಿಲ್ಲ. ಈ ನಗರದಲ್ಲಿ ಫುಟ್‌ಬಾಲ್ 2013ಕ್ಕೆ ಹುಟ್ಟಿತಾ ಅಂದರೆ ಇಲ್ಲವೇ ಇಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತ್ತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಐಟಿಐ, ಎಚ್‌ಎಎಲ್ ತಂಡಗಳ ಕಾಲ ಇನ್ನೂ ಎಷ್ಟೋ ಮನೆಗಳಲ್ಲಿ ಮಾತಾಗುತ್ತದೆ. ಅವೆಲ್ಲ ನಗರದ ಇತಿಹಾಸ, ಆಯಾ ತಂಡಗಳ ಇತಿಹಾಸ. ನೀಲಿ ಜರ್ಸಿಯವರ ಖಾತೆಗೆ ಬರೆಯಲು ಬರುವುದಿಲ್ಲ.

ಮೋಹನ್ ಬಗಾನ್ ಕೂಡ 1889ರದೇ. 1911ರಲ್ಲಿ ಬಹುಪಾಲು ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್. 2020ರಲ್ಲಿ ಕೋಲ್ಕತ್ತಾದ ಇನ್ನೊಂದು ಕ್ಲಬ್ ಎಟಿಕೆ ಜತೆ ಸೇರಿ ಎಟಿಕೆ ಮೋಹನ್ ಬಗಾನ್ ಆಯಿತು. ಎಟಿಕೆ ಅದಾಗಲೇ ಮೂರು ಸಲ ಐಎಸ್‌ಎಲ್ ಗೆದ್ದಿತ್ತು. ಹೆಸರಿನ ಮುಂದಿನ ಆ ಮೂರಕ್ಷರ ತೆಗೆಯಿರಿ ಅಂತ ಅಭಿಮಾನಿಗಳು ಮೂರು ವರ್ಷ ಕೂಗಿದರು. 2023ರ ಫೈನಲ್‌ನಲ್ಲಿ ಬೆಂಗಳೂರನ್ನೇ ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿ ಹೆಸರು ಬದಲಿಸುವ ಘೋಷಣೆಯಾಯಿತು. ನಮ್ಮಲ್ಲಿ ಮೋಹನ್ ಬಗಾನ್ ಐಡಿ ಮುಂದುವರಿಯಿತು, ಎಟಿಕೆ ಐಡಿ 2020ಕ್ಕೆ ಮುಗಿಯಿತು, ಆ ಮೂರು ಕಪ್‌ಗಳು ಅದರ ಜತೆಗೇ ಉಳಿದವು. ಕಂಪನಿಯ ಷೇರು ಲೆಕ್ಕ ಹಿಡಿದು ಹೊರಟಿದ್ದರೆ ಉತ್ತರ ಉಲ್ಟಾ ಬರುತ್ತಿತ್ತೇನೋ.

ಈಗ ನಮ್ಮ ಪಟ್ಟಿಯಲ್ಲಿ ಚರ್ಚೆ ನಡೆಯುತ್ತಿರುವುದು ದೆಹಲಿ. 2019ರಲ್ಲಿ ಡೆಲ್ಲಿ ಡೈನಮೋಸ್ ಊರು ಬಿಟ್ಟು ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿಯ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ 2022ರಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಐಎಸ್‌ಎಲ್ ಫೈನಲ್ ಗೆದ್ದು, 2025ರಲ್ಲಿ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಗಿದೆ. ಡೆಲ್ಲಿ ಡೈನಮೋಸ್‌ಗೂ ಇದಕ್ಕೂ ಊರು ಬಿಟ್ಟರೆ ಸಂಬಂಧವಿಲ್ಲ. 2022ರ ಕಪ್ಪನ್ನು ಹೈದರಾಬಾದ್ ಐಡಿಯಲ್ಲೇ ಇಡಬೇಕು ಅನ್ನುವುದು ನನ್ನ ವಾದ. ಹುಡುಗ ಈಗ ನನಗಿಂತ ಜೋರು. "ಕಪ್ ಗೆದ್ದ ರಾತ್ರಿ ಗಲಾಟೆ ಮಾಡಿದವರು ಯಾವ ಊರಿನವರು ಅಂತ ಒಂದು ಕಾಲಂ ಹಾಕ್ಬಿಡಿ ಮ್ಯಾಮ್" ಅನ್ನುತ್ತಾನೆ. ಇನ್ನೊಬ್ಬರು ಕಂಪನಿ ಅದೇ ಅಂತ ಒಂದೇ ಐಡಿ ಕೇಳುತ್ತಿದ್ದಾರೆ. ಟಿಕೆಟ್ ಇನ್ನೂ ಮುಚ್ಚಿಲ್ಲ.